ಯಾರೂ ಕೂರದ ಹದಿನೆಂಟು ಗಂಟೆ

ಮೂರು ತಿಂಗಳ ಹಿಂದೆ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ನೀರು ಕುಡಿಯಲೆಂದು ಎದ್ದಾಗ, ಓದುವ ಕೋಣೆಯೊಳಗಿನಿಂದ ಸಣ್ಣಗೆ ಗೊರಗುಟ್ಟುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೇಜಿನ ಕೆಳಗಿನ ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು. ಪರದೆ ಕಪ್ಪಾಗಿತ್ತು, ಕುರ್ಚಿ ಖಾಲಿಯಾಗಿತ್ತು. ಪೆಟ್ಟಿಗೆಯ ಹಿಂಬದಿಗೆ ಅಂಗೈ ಒಡ್ಡಿದಾಗ ಬೆಚ್ಚನೆಯ ಗಾಳಿ ತಾಗಿತು. ಕಂಪ್ಯೂಟರಿನೊಳಗೆ ಹೋಗುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆ ಶಾಖ ಅಂಗೈಗೆ ತಾಗಿದಾಗ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಇದು ಯಾರಿಗಾಗಿ ಉರಿಯುತ್ತಿದೆ ಎಂಬ ಪ್ರಶ್ನೆ ಮೊದಲ ಬಾರಿಗೆ ಮನಸ್ಸನ್ನು ಚುಚ್ಚಿತು.

ಆ ಕಂಪ್ಯೂಟರನ್ನು ನಾನು ಹಲವು ವರ್ಷಗಳಿಂದ ಹಗಲೂ ರಾತ್ರಿಯೂ ಚಾಲೂ ಇಟ್ಟಿದ್ದೆ. ಅದರ ಮುಂದೆ ಕೂತು ಕೆಲಸ ಮಾಡುವುದು ದಿನಕ್ಕೆ ಹೆಚ್ಚೆಂದರೆ ಆರು ಗಂಟೆ. ಉಳಿದ ಹದಿನೆಂಟು ಗಂಟೆ ಅದು ಸುಮ್ಮನೆ ಎಚ್ಚರವಾಗಿರುತ್ತಿತ್ತು. ಬೆಳಿಗ್ಗೆ ಬಂದು ಮೌಸ್ ಅಲುಗಾಡಿಸಿದರೆ ನಿನ್ನೆ ತೆರೆದಿಟ್ಟ ಕಡತಗಳು ಹಾಗೆಯೇ ಎದುರಿಗಿರುತ್ತವೆ ಎಂಬ ಅನುಕೂಲ ಒಂದು ಕಾರಣವಾದರೆ, ನಮ್ಮ ಅಣ್ಣ ಮೊದಲ ಕಂಪ್ಯೂಟರ್ ಕೊಂಡ ಕಾಲದಲ್ಲಿ ಹೇಳಿದ ಮಾತು ಇನ್ನೊಂದು ಕಾರಣ. "ಪದೇ ಪದೇ ಆನ್ ಆಫ್ ಮಾಡಬೇಡ, ಶುರುವಾಗುವಾಗಲೇ ಜಾಸ್ತಿ ಕರೆಂಟು ಎಳೆಯುತ್ತೆ, ಬೋರ್ಡೂ ಬೇಗ ಹೋಗುತ್ತೆ" ಎಂದು ಅವನು ಅಷ್ಟು ಖಚಿತವಾಗಿ ಹೇಳಿದ್ದನೆಂದರೆ, ಅದನ್ನು ಒರೆಗೆ ಹಚ್ಚಿ ನೋಡಬೇಕೆಂದು ನನಗೆ ಇಷ್ಟು ವರ್ಷ ಅನ್ನಿಸಿರಲೇ ಇಲ್ಲ.

ಮರುದಿನವೇ ಗೆಳೆಯರೊಬ್ಬರ ಬಳಿಯಿದ್ದ ವಿದ್ಯುತ್ ಮಾಪಕವನ್ನು ಕೇಳಿ ತಂದೆ. ಗೋಡೆಯ ಸಾಕೆಟ್ಟಿಗೂ ನಮ್ಮ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಅಂಗೈಯಗಲದ ಸಾಧನವದು. ಆ ಕ್ಷಣಕ್ಕೆ ಎಷ್ಟು ವ್ಯಾಟ್ ಹರಿಯುತ್ತಿದೆ ಎಂಬುದನ್ನೂ, ಸಿಕ್ಕಿಸಿದಂದಿನಿಂದ ಒಟ್ಟು ಎಷ್ಟು ಯೂನಿಟ್ ಖರ್ಚಾಗಿದೆ ಎಂಬುದನ್ನೂ ತೋರಿಸುತ್ತದೆ. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, ಅಂದರೆ 1000 ವ್ಯಾಟ್‌ನ ಉಪಕರಣವೊಂದು ಒಂದು ಗಂಟೆ ಓಡಿದರೆ ಆಗುವ ಖರ್ಚು. ಕಂಪ್ಯೂಟರಿನ ಡಬ್ಬದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ನೋಡಿ ಲೆಕ್ಕ ಹಾಕುವವರನ್ನು ನಾನು ಕಂಡಿದ್ದೇನೆ. ಅದು ದಾರಿ ತಪ್ಪಿಸುವ ಲೆಕ್ಕ. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಇಳಿಸಿ ಕೊಡುವ ನನ್ನ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದಿದೆ. ಅದು ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು ದಿನವೂ ಎಳೆಯುವ ಶಕ್ತಿಯಲ್ಲ.

ಮಾಪಕ ತೋರಿಸಿದ್ದು ಹೀಗಿತ್ತು. ಬರೆಯುವುದು, ಓದುವುದು, ಜಾಲತಾಣ ನೋಡುವುದು ಇಂಥ ಕೆಲಸಗಳಲ್ಲಿ ಪೆಟ್ಟಿಗೆ ಸರಾಸರಿ 65 ವ್ಯಾಟ್ ಎಳೆಯುತ್ತಿತ್ತು, ಮಾನಿಟರ್ ಪ್ರತ್ಯೇಕವಾಗಿ 22 ವ್ಯಾಟ್. ವಿಡಿಯೊ ಒಂದನ್ನು ಬೇರೆ ರೂಪಕ್ಕೆ ಪರಿವರ್ತಿಸಲು ಹಚ್ಚಿದಾಗ ಪೆಟ್ಟಿಗೆಯೊಂದೇ 130 ವ್ಯಾಟ್ ದಾಟಿತು. ಏನೂ ಕೆಲಸವಿಲ್ಲದೆ, ಪರದೆಯೂ ಕಪ್ಪಾಗಿ, ಕಂಪ್ಯೂಟರ್ ಸುಮ್ಮನೆ ಎಚ್ಚರವಾಗಿದ್ದಾಗ 60 ವ್ಯಾಟ್. ಈ ಕೊನೆಯ ಸಂಖ್ಯೆಯನ್ನು ನೋಡಿ ನಾನು ಮಾಪಕ ಕೆಟ್ಟಿರಬೇಕೆಂದುಕೊಂಡು ಬೇರೆ ಸಾಕೆಟ್ಟಿಗೆ ಹಾಕಿ ನೋಡಿದೆ. ಅಲ್ಲಿಯೂ ಅದೇ 60. ನಾನು ಎದುರಿಗೆ ಕೂತು ದುಡಿಯುವಾಗಿನ ಖರ್ಚಿಗೂ ಯಾರೂ ಇಲ್ಲದಾಗಿನ ಖರ್ಚಿಗೂ ಪೆಟ್ಟಿಗೆಯ ಮಟ್ಟಿಗೆ ಐದೇ ವ್ಯಾಟ್ ವ್ಯತ್ಯಾಸ. ಪರದೆ ಕಪ್ಪಾದರೆ ಕಂಪ್ಯೂಟರ್ ಮಲಗಿತು ಎಂದು ಭಾವಿಸಿದ್ದು ನನ್ನ ಮೂಲ ತಪ್ಪು ತಿಳಿವಳಿಕೆಯಾಗಿತ್ತು.

60 ವ್ಯಾಟ್ ಎಂಬುದು ಕೇಳಲು ಸಣ್ಣದು. ಹದಿನೆಂಟು ಗಂಟೆಗೆ ಗುಣಿಸಿದರೆ 1080 ವ್ಯಾಟ್ ಗಂಟೆ, ಅಂದರೆ ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ವರ್ಷಕ್ಕೆ 394 ಯೂನಿಟ್. ಇದನ್ನು ಮನಸ್ಸಿಗೆ ಹತ್ತಿರ ಮಾಡಿಕೊಳ್ಳಲು ಬೇರೊಂದು ಲೆಕ್ಕ ಹಾಕಿದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬೊಂದನ್ನು ಒಮ್ಮೆಯೂ ಆರಿಸದೆ ಹಗಲೂ ರಾತ್ರಿಯೂ ಉರಿಸಿದರೆ, ಅಷ್ಟು ವಿದ್ಯುತ್ತು ಮುಗಿಯಲು ಐದು ವರ್ಷ ಬೇಕು. ಕೋಣೆಯಿಂದ ಹೊರಗೆ ಬರುವಾಗ ದೀಪ ಆರಿಸದಿದ್ದರೆ ಮಕ್ಕಳನ್ನು ಕರೆದು ಗದರಿಸುವ ನಾನು, ಅದೇ ಕೋಣೆಯಲ್ಲಿ ಐದು ದೀಪಗಳನ್ನು ವರ್ಷವಿಡೀ ಉರಿಸಿದಷ್ಟು ವಿದ್ಯುತ್ತನ್ನು ಮೇಜಿನ ಕೆಳಗೆ ಬಿಸಿಗಾಳಿ ಮಾಡಿ ಕಳೆಯುತ್ತಿದ್ದೆ. ಈ ವಿಷಯ ನನ್ನನ್ನು ನಿಜವಾಗಿಯೂ ನೋಯಿಸಿತು. ಆ ವಿದ್ಯುತ್ತಿಗಾಗಿ ಎಲ್ಲೋ ಕಲ್ಲಿದ್ದಲು ಉರಿದಿದೆ, ಎಲ್ಲೋ ಅಣೆಕಟ್ಟೆಯಿಂದ ನೀರು ಹರಿದಿದೆ. ಬೇಸಿಗೆಯಲ್ಲಿ ಕೋಣೆಗೆ ಎಸಿ ಹಾಕುವವರಾದರೆ, ಕಂಪ್ಯೂಟರ್ ಹೊರಹಾಕಿದ ಶಾಖವನ್ನು ಹೊರಗೆ ದಬ್ಬಲು ಮತ್ತಷ್ಟು ವಿದ್ಯುತ್ತನ್ನು ಖರ್ಚು ಮಾಡುತ್ತಾರೆ.

ಇನ್ನು ಅಣ್ಣನ ಮಾತಿಗೆ ಬರುತ್ತೇನೆ. ಕಂಪ್ಯೂಟರ್ ಚಾಲೂ ಆಗುವ ಕ್ಷಣದಲ್ಲಿ ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದು ಸುಳ್ಳಲ್ಲ. ಎಸ್‌ಎಂಪಿಎಸ್‌ನೊಳಗಿನ ಖಾಲಿ ಕೆಪಾಸಿಟರುಗಳು, ಅಂದರೆ ವಿದ್ಯುದಂಶವನ್ನು ಕೂಡಿಡುವ ಬಿಡಿಭಾಗಗಳು, ತುಂಬಿಕೊಳ್ಳುವಾಗ ಒಮ್ಮೆಗೇ ದೊಡ್ಡ ಪ್ರವಾಹ ನುಗ್ಗುತ್ತದೆ. ಆದರೆ ಆ ನುಗ್ಗಾಟ ಮುಗಿಯಲು ಬೇಕಾಗುವುದು ಕೆಲವೇ ಮಿಲಿಸೆಕೆಂಡುಗಳು. 230 ವೋಲ್ಟ್‌ನಲ್ಲಿ 50 ಆಂಪಿಯರ್ ಪ್ರವಾಹ ಹತ್ತು ಮಿಲಿಸೆಕೆಂಡುಗಳ ಕಾಲ ಹರಿಯಿತೆಂದು ಧಾರಾಳವಾಗಿಯೇ ಇಟ್ಟುಕೊಂಡರೂ ಒಟ್ಟು ಶಕ್ತಿ 115 ಜೂಲ್. 60 ವ್ಯಾಟ್‌ನಲ್ಲಿ ಸುಮ್ಮನೆ ಕೂತಿರುವ ಕಂಪ್ಯೂಟರ್ ಇಷ್ಟನ್ನು ಎರಡು ಸೆಕೆಂಡುಗಳೊಳಗೆ ತಿಂದು ಮುಗಿಸುತ್ತದೆ. ಪ್ರವಾಹ ದೊಡ್ಡದು, ಕಾಲ ಅತಿ ಚಿಕ್ಕದು, ಹಾಗಾಗಿ ಮೀಟರಿನ ಮೇಲೆ ಅದರ ಗುರುತೇ ಬೀಳುವುದಿಲ್ಲ.

ನುಗ್ಗಾಟದ ನಂತರ ಬೂಟ್ ಆಗುವಾಗಿನ ಖರ್ಚೂ ಇದೆಯಲ್ಲ ಎಂದು ಕೇಳಬಹುದು. ಅದನ್ನೂ ಅಳೆದೆ. ನನ್ನ ಕಂಪ್ಯೂಟರ್ ಕೆಲಸಕ್ಕೆ ಸಿದ್ಧವಾಗಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಸರಾಸರಿ 90 ವ್ಯಾಟ್ ಎಳೆಯುತ್ತದೆ. ಮುಚ್ಚಿಕೊಳ್ಳುವಾಗಿನ ಇಪ್ಪತ್ತು ಸೆಕೆಂಡುಗಳನ್ನೂ ಸೇರಿಸಿದರೆ ಒಮ್ಮೆ ಬಂದ್ ಮಾಡಿ ಮತ್ತೆ ತೆರೆಯುವುದರ ಪೂರ್ತಿ ಖರ್ಚು ಎರಡೂವರೆ ವ್ಯಾಟ್ ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಚ್ಚರವಾಗಿ ಬಿಟ್ಟರೆ ಇದೇ ಖರ್ಚು ಎರಡೂವರೆ ನಿಮಿಷದಲ್ಲಿ ಆಗಿಹೋಗುತ್ತದೆ. ಕೇವಲ ವಿದ್ಯುತ್ತಿನ ದೃಷ್ಟಿಯಿಂದ ನೋಡಿದರೆ, ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎದ್ದುಹೋಗುವುದಾದರೆ ಬಂದ್ ಮಾಡುವುದೇ ಲಾಭ.

ಹಾಗಾದರೆ ಇಷ್ಟು ಗಟ್ಟಿಯಾದ ನಂಬಿಕೆ ಹುಟ್ಟಿದ್ದಾದರೂ ಎಲ್ಲಿ? ಅದಕ್ಕೆ ಬೇರು ಇಲ್ಲದೆ ಇಲ್ಲ. ಹಳೆಯ ತಂತಿಯ ಬಲ್ಬುಗಳನ್ನು ಬಳಸಿದವರಿಗೆಲ್ಲ ನೆನಪಿರುತ್ತದೆ, ಅವು ಸುಟ್ಟುಹೋಗುತ್ತಿದ್ದುದು ಸಾಮಾನ್ಯವಾಗಿ ಸ್ವಿಚ್ ಹಾಕಿದ ಕ್ಷಣದಲ್ಲಿಯೇ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ಪ್ರತಿರೋಧ ಕಾದ ತಂತಿಯ ಪ್ರತಿರೋಧದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿರುವುದರಿಂದ ಆರಂಭದಲ್ಲಿ ಪ್ರವಾಹ ನುಗ್ಗುತ್ತದೆ, ಸವೆದ ತಂತಿ ಅದನ್ನು ತಡೆಯಲಾರದೆ ತುಂಡಾಗುತ್ತದೆ. ಕಂಪ್ಯೂಟರುಗಳ ಚರಿತ್ರೆಯಲ್ಲಿಯೂ ಇದಕ್ಕೆ ಸರಿಜೋಡಿಯಾದ ಕಥೆಯಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿ 1946ರಲ್ಲಿ ಜನರ ಮುಂದಿಟ್ಟ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ಬಲ್ಬಿನಂತೆ ಒಳತಂತಿ ಕಾಯುವ ಗಾಜಿನ ನಿರ್ವಾತ ನಳಿಕೆಗಳಿದ್ದವು, ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ ಬೇಡುತ್ತಿತ್ತು. ನಳಿಕೆಗಳು ಹೆಚ್ಚಾಗಿ ಕೆಡುತ್ತಿದ್ದುದು ಯಂತ್ರ ಕಾಯುವಾಗ ಮತ್ತು ಆರುವಾಗ. ಆದ್ದರಿಂದಲೇ ಅದನ್ನು ಆದಷ್ಟು ಬಂದ್ ಮಾಡದೆ ಇಡುತ್ತಿದ್ದರು. ಆ ಕಾಲಕ್ಕೆ, ಆ ಯಂತ್ರಕ್ಕೆ ಅದು ಸರಿಯಾದ ಬುದ್ಧಿಯೇ ಆಗಿತ್ತು. ಯಂತ್ರ ಬದಲಾಯಿತು, ಬುದ್ಧಿಮಾತು ಮಾತ್ರ ಬಾಯಿಂದ ಬಾಯಿಗೆ ದಾಟಿ ನಮ್ಮ ಅಣ್ಣನವರೆಗೂ ಬಂದು ತಲುಪಿತು ಎಂದು ನನ್ನ ಊಹೆ.

ಈಗಿನ ಮನೆಯ ಕಂಪ್ಯೂಟರಿನಲ್ಲಿ ಸವೆಯುವ ಭಾಗಗಳೆಂದರೆ ಮುಖ್ಯವಾಗಿ ಫ್ಯಾನು, ಹಾರ್ಡ್ ಡಿಸ್ಕ್ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಹಾರ್ಡ್ ಡಿಸ್ಕ್ ತಯಾರಕರು ಅದರ ಓದುವ ತಲೆಯನ್ನು ಬದಿಗೆ ಸರಿಸಿ ಮತ್ತೆ ತರುವ ಕ್ರಿಯೆಗೆ ಸಾಮಾನ್ಯವಾಗಿ ಮೂರು ಲಕ್ಷ ಅಥವಾ ಆರು ಲಕ್ಷ ಸಲ ಎಂಬ ಮಿತಿ ಕೊಡುತ್ತಾರೆ. ಮೂರು ಲಕ್ಷವೆಂದೇ ಹಿಡಿದು, ದಿನಕ್ಕೆ ಐದು ಸಲ ಮಲಗಿಸಿ ಎಬ್ಬಿಸಿದರೂ ಆ ಮಿತಿ ಮುಗಿಯಲು ನೂರ ಅರವತ್ತು ವರ್ಷ ದಾಟಬೇಕು. ಹಾರ್ಡ್ ಡಿಸ್ಕಿನ ಬದಲು ಚಿಪ್ಪುಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿ ಇದ್ದರೆ ತಿರುಗುವ ಭಾಗವೇ ಇಲ್ಲ. ಕೆಪಾಸಿಟರುಗಳ ವಿಷಯದಲ್ಲಂತೂ ಲೆಕ್ಕ ತಿರುಗುಮುರುಗು. ಅವುಗಳೊಳಗಿನ ದ್ರವ ಶಾಖಕ್ಕೆ ನಿಧಾನವಾಗಿ ಒಣಗುತ್ತದೆ, ಉಷ್ಣಾಂಶ ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಷ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕೆಲಸದವರು ನೆಚ್ಚುವ ಸ್ಥೂಲ ಸೂತ್ರ. ಫ್ಯಾನಿನ ಬೇರಿಂಗೂ ತಿರುಗಿದಷ್ಟು ಹೊತ್ತು ಸವೆಯುತ್ತದೆ, ತಿರುಗಿದಷ್ಟು ಹೊತ್ತು ಧೂಳನ್ನು ಒಳಗೆಳೆಯುತ್ತದೆ. ಬಿಸಿಯಾಗಿ ತಣ್ಣಗಾಗುವ ಆವರ್ತನದಿಂದ ಬೆಸುಗೆಗಳ ಮೇಲೆ ಒತ್ತಡ ಬೀಳುತ್ತದೆ ಎಂಬುದೂ ನಿಜವೇ. ಆದರೆ ದಿನಕ್ಕೆ ಒಂದೆರಡು ಸಲದ ಆವರ್ತನಕ್ಕೆ ಹೆದರಿ ದಿನವಿಡೀ ಶಾಖದಲ್ಲಿಡುವುದು ನನಗೆ ಸರಿಯೆನಿಸುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಪ್ರತಿ ಸಲ ಎದ್ದುಹೋಗುವಾಗ ಬಂದ್ ಮಾಡುವುದು ನನ್ನಿಂದ ಆಗಲಿಲ್ಲ. ಮೂರು ದಿನ ಪ್ರಯತ್ನಿಸಿದೆ. ಹನ್ನೆರಡು ಕಡತಗಳನ್ನು ಮುಚ್ಚಿ, ಮತ್ತೆ ಬಂದು ಅವನ್ನೇ ಹುಡುಕಿ ತೆರೆದು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಕೆಲಸದ ಮನಸ್ಸೇ ಚದುರಿಹೋಗುತ್ತಿತ್ತು. ಅನುಕೂಲವೆಂಬುದು ಸೋಮಾರಿತನದ ಇನ್ನೊಂದು ಹೆಸರೆಂದು ತಳ್ಳಿಹಾಕುವ ಉಪದೇಶ ಇಲ್ಲಿ ನಡೆಯುವುದಿಲ್ಲ, ದಿನವೂ ದುಡಿಯುವವರಿಗೆ ಆ ಹತ್ತು ನಿಮಿಷಕ್ಕೆ ಬೆಲೆಯಿದೆ. ಆಗ ನಾನು ಇಷ್ಟು ವರ್ಷ ಮೆನುವಿನಲ್ಲಿ ಕಂಡೂ ಒತ್ತದಿದ್ದ ಸ್ಲೀಪ್ ಎಂಬ ಆಯ್ಕೆಯ ಕಡೆಗೆ ತಿರುಗಿದೆ. ಒತ್ತಿದ ಎರಡು ಸೆಕೆಂಡಿಗೆ ಫ್ಯಾನು ನಿಂತಿತು, ಮಾಪಕದ ಅಂಕಿ 60ರಿಂದ ಜಾರಿ 2ಕ್ಕೆ ಬಂದು ನಿಂತಿತು. ಎಬ್ಬಿಸಿದರೆ ನಾಲ್ಕು ಸೆಕೆಂಡಿನಲ್ಲಿ ಎಲ್ಲ ಕಡತಗಳೂ ಇದ್ದಲ್ಲಿಯೇ ಇದ್ದವು.

ಆ ಎರಡು ವ್ಯಾಟ್ ಎಲ್ಲಿಗೆ ಹೋಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಕಂಪ್ಯೂಟರಿನ ರ್‍ಯಾಮ್ ಎಂಬ ತಾತ್ಕಾಲಿಕ ನೆನಪು ಪ್ರತಿಯೊಂದು ಬಿಟ್ಟನ್ನೂ (ಸೊನ್ನೆ ಅಥವಾ ಒಂದು ಎಂಬ ಮಾಹಿತಿಯ ಕಣವನ್ನು) ಅತಿ ಸಣ್ಣ ಕೆಪಾಸಿಟರೊಂದರಲ್ಲಿ ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತದೆ. ಆ ಪುಟ್ಟ ಪಾತ್ರೆಗಳೆಲ್ಲವೂ ಸೋರುತ್ತವೆ. ಸೋರಿ ಖಾಲಿಯಾಗುವ ಮುನ್ನ ಓದಿ ಮತ್ತೆ ತುಂಬಬೇಕು, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಸಾಲನ್ನೂ ಹೀಗೆ ಹೊಸದಾಗಿ ತುಂಬಲಾಗುತ್ತದೆ. ಸ್ಲೀಪ್‌ನಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನು ಎಲ್ಲಕ್ಕೂ ಕರೆಂಟು ನಿಂತು, ಈ ತುಂಬುವ ಕೆಲಸವೊಂದಕ್ಕೆ ಮತ್ತು ಕೀಲಿಮಣೆಯ ಸದ್ದಿಗೆ ಕಿವಿಗೊಡುವ ಸಣ್ಣ ಸರ್ಕ್ಯೂಟಿಗೆ ಮಾತ್ರ ಹರಿಯುತ್ತಿರುತ್ತದೆ. ಇಂಟೆಲ್, ಮೈಕ್ರೊಸಾಫ್ಟ್ ಮತ್ತು ತೋಷಿಬಾ ಸೇರಿ 1996ರಲ್ಲಿ ಹೊರತಂದ ಎಸಿಪಿಐ ಎಂಬ ಮಾನದಂಡ ಈ ಸ್ಥಿತಿಗಳಿಗೆ ಹೆಸರು ಕೊಟ್ಟಿತು: ಎಸ್3 ಎಂದರೆ ಈ ನಿದ್ರೆ, ಎಸ್4 ಎಂದರೆ ರ್‍ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಮಲಗುವ ಹೈಬರ್ನೇಟ್, ಎಸ್5 ಎಂದರೆ ಶಟ್‌ಡೌನ್. ಎಸ್3ರಲ್ಲಿರುವಾಗ ಕರೆಂಟು ಹೋದರೆ ಉಳಿಸದ ಕೆಲಸವೆಲ್ಲ ಮಾಯವಾಗುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಇರುವವರು ಹೈಬ್ರಿಡ್ ಸ್ಲೀಪ್ ಎಂಬ ಆಯ್ಕೆ ಸಿಕ್ಕರೆ ಅದನ್ನು ಚಾಲೂ ಮಾಡಿಕೊಳ್ಳುವುದು ಒಳ್ಳೆಯದು. ಅದು ಮಲಗುವ ಮುನ್ನ ಡಿಸ್ಕಿಗೂ ಒಂದು ಪ್ರತಿ ಬರೆದಿಟ್ಟುಕೊಳ್ಳುತ್ತದೆ.

ಸ್ಲೀಪ್ ಲೆಕ್ಕಕ್ಕೆ ಬಂದರೆ, ಆ ಹದಿನೆಂಟು ಗಂಟೆಗಳ ವಾರ್ಷಿಕ ಖರ್ಚು 394 ಯೂನಿಟ್‌ನಿಂದ 13 ಯೂನಿಟ್‌ಗೆ ಇಳಿಯುತ್ತದೆ. ಪೂರ್ತಿ ಬಂದ್ ಮಾಡಿದರೂ ನನ್ನ ಕಂಪ್ಯೂಟರ್ ಒಂದು ವ್ಯಾಟ್ ಎಳೆಯುವುದರಿಂದ ಇನ್ನೂ ಐದಾರು ಯೂನಿಟ್ ಮಾತ್ರ ಉಳಿಯಬಹುದು. ಬಂದ್ ಮಾಡಬೇಕೋ ಬೇಡವೋ ಎಂದು ನಾವು ವರ್ಷಗಟ್ಟಲೆ ವಾದಿಸಿದ್ದು ಈ ಐದಾರು ಯೂನಿಟ್‌ಗಳ ಬಗ್ಗೆ, ಹರಿದುಹೋಗುತ್ತಿದ್ದ 380 ಯೂನಿಟ್‌ಗಳ ಕಡೆಗೆ ಯಾರ ಕಣ್ಣೂ ಹೋಗಿರಲಿಲ್ಲ. ಬೂಟ್ ಆಗುವ ಖರ್ಚನ್ನು ಹಿಡಿದರೆ, ಎರಡೂವರೆ ಗಂಟೆಯೊಳಗಿನ ಬಿಡುವಿಗೆ ಶಟ್‌ಡೌನ್‌ಗಿಂತ ಸ್ಲೀಪೇ ಕಡಿಮೆ ಖರ್ಚಿನದು. ಎಂಟು ಗಂಟೆಯ ರಾತ್ರಿಗೆ ಶಟ್‌ಡೌನ್ ಗೆಲ್ಲುತ್ತದೆ, ಆದರೆ ಗೆಲ್ಲುವ ಅಂತರ ಆ 9 ವ್ಯಾಟ್‌ನ ಬಲ್ಬು ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು ಉರಿಯುವಷ್ಟೇ. ನಾನು ಹಗಲಿಗೆ ಸ್ಲೀಪ್, ಊರಿಗೆ ಹೊರಟಾಗ ಶಟ್‌ಡೌನ್ ಎಂದು ಇಟ್ಟುಕೊಂಡಿದ್ದೇನೆ. ರಾತ್ರಿಯ ವಿಷಯದಲ್ಲಿ ಯಾರು ಏನು ಮಾಡಿದರೂ ನನ್ನ ತಕರಾರಿಲ್ಲ.

ಸ್ಲೀಪ್ ಒತ್ತುವುದನ್ನು ಮನುಷ್ಯನ ನೆನಪಿಗೆ ಬಿಡಬಾರದು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಪವರ್ ಎಂಬ ಕಡೆ ಎರಡು ಸಮಯಗಳಿರುತ್ತವೆ, ಪರದೆ ಆರಲು ಒಂದು, ಕಂಪ್ಯೂಟರ್ ಮಲಗಲು ಇನ್ನೊಂದು. ನನ್ನದರಲ್ಲಿ ಮೊದಲನೆಯದು ಹತ್ತು ನಿಮಿಷವಿತ್ತು, ಎರಡನೆಯದರ ಎದುರು ನೆವರ್ ಎಂದಿತ್ತು. ಅದನ್ನು ಹದಿನೈದು ನಿಮಿಷಕ್ಕೆ ಇಳಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸ್ಕ್ರೀನ್ ಸೇವರ್ ಇದ್ದರೆ ಸಾಕು ಎಂದುಕೊಂಡವರೂ ಇದ್ದಾರೆ. ಅದು ಹುಟ್ಟಿದ್ದು ಹಳೆಯ ದಪ್ಪನೆಯ ಸಿಆರ್‌ಟಿ ಪರದೆಯ ಒಳಮೈಯ ಬೆಳಗುವ ಲೇಪದ ಮೇಲೆ ಒಂದೇ ಚಿತ್ರ ಸುಟ್ಟ ಗುರುತಾಗಿ ಉಳಿಯದಿರಲೆಂದು, ವಿದ್ಯುತ್ ಉಳಿಸಲೆಂದಲ್ಲ. ಈಗಿನ ಎಲ್‌ಸಿಡಿ ಪರದೆಯ ಹಿಂದಿನ ಬೆಳಕು ಸ್ಕ್ರೀನ್ ಸೇವರ್ ಓಡುವಾಗಲೂ ಅಷ್ಟೇ ಉರಿಯುತ್ತದೆ, ಮೀನು ಈಜುವ ಚಿತ್ರ ಬಿಡಿಸಲು ಪ್ರೊಸೆಸರ್ ಇನ್ನಷ್ಟು ದುಡಿಯುತ್ತದೆ.

ಮಲಗಿಸಿದ ಕಂಪ್ಯೂಟರ್ ಮಲಗಿಯೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಮೊದಲ ವಾರ ನನ್ನದು ನಡುರಾತ್ರಿ ತಾನಾಗಿ ಏಳುತ್ತಿತ್ತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶಕ್ಕೆ ಲಾಸ್ಟ್‌ವೇಕ್ ಎಂಬುದನ್ನು ಸೇರಿಸಿ ಕೊಟ್ಟರೆ ಕೊನೆಯ ಸಲ ಎಬ್ಬಿಸಿದ್ದು ಯಾವುದೆಂದು ತಿಳಿಯುತ್ತದೆ, ರಿಕ್ವೆಸ್ಟ್ಸ್ ಎಂದು ಸೇರಿಸಿದರೆ ಈಗ ಮಲಗಲು ಬಿಡದೆ ತಡೆಯುತ್ತಿರುವುದು ಯಾವುದೆಂದು ತಿಳಿಯುತ್ತದೆ. ನನ್ನ ಮೇಜಿನ ಮೇಲೆ ತಪ್ಪಿತಸ್ಥ ಮೌಸ್ ಆಗಿತ್ತು. ಕೋಣೆಯ ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದ ಅಲುಗಾಡಿ ಅದಕ್ಕೆ ತಾಗಿದರೂ ಸಾಕಾಗುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸಿಗಿದ್ದ ಎಬ್ಬಿಸುವ ಅನುಮತಿಯನ್ನು ತೆಗೆದು ಕೀಲಿಮಣೆಗೆ ಮಾತ್ರ ಉಳಿಸಿದ ಮೇಲೆ ಅದು ಬೆಳಗಿನವರೆಗೂ ಮಲಗುತ್ತಿದೆ. ಹಲವರ ಮನೆಯಲ್ಲಿ ನೆಟ್‌ವರ್ಕ್ ಕಾರ್ಡೋ, ರಾತ್ರಿಗೆಂದು ನಿಗದಿಯಾದ ಅಪ್‌ಡೇಟೋ ಈ ಕೆಲಸ ಮಾಡುತ್ತದೆ.

ಲ್ಯಾಪ್‌ಟಾಪ್‌ಗಳ ವಿಷಯ ಸ್ವಲ್ಪ ಬೇರೆ. ಅವು ಸುಮ್ಮನಿರುವಾಗ ಎಳೆಯುವುದೇ ಎಂಟು ಹತ್ತು ವ್ಯಾಟ್, ಆದ್ದರಿಂದ ಉಳಿತಾಯದ ಮೊತ್ತವೂ ಸಣ್ಣದು. ಆದರೆ ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಎಸ್3 ನಿದ್ರೆಯ ಜಾಗದಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಫೋನಿನಂಥ ಅರೆನಿದ್ರೆ ಬಂದಿದೆ. ಪರದೆ ಆರಿರುತ್ತದೆ, ಒಳಗೆ ಪ್ರೊಸೆಸರ್ ಆಗಾಗ ಕಣ್ಣು ಬಿಟ್ಟು ಮಿಂಚಂಚೆಯನ್ನೋ ಅಪ್‌ಡೇಟನ್ನೋ ನೋಡಿಕೊಳ್ಳಬಹುದು. ಒಮ್ಮೆ ನನ್ನ ಲ್ಯಾಪ್‌ಟಾಪನ್ನು ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟುಕೊಂಡು ಪ್ರಯಾಣ ಹೊರಟಿದ್ದೆ. ಮೂರು ಗಂಟೆಯ ನಂತರ ಚೀಲಕ್ಕೆ ಕೈ ಹಾಕಿದರೆ ಇಸ್ತ್ರಿ ಪೆಟ್ಟಿಗೆಯಂತೆ ಬಿಸಿಯಾಗಿತ್ತು, ತುಂಬಿದ್ದ ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಗಾಳಿಯಾಡದ ಚೀಲದಲ್ಲಿ ಲಿಥಿಯಂ ಬ್ಯಾಟರಿ ಹಾಗೆ ಕಾಯುವುದು ಅದರ ಆಯುಷ್ಯಕ್ಕೆ ಒಳ್ಳೆಯದಲ್ಲ. ಅಂದಿನಿಂದ ಚೀಲಕ್ಕೆ ಹಾಕುವ ಮುನ್ನ ಹೈಬರ್ನೇಟ್ ಮಾಡುತ್ತೇನೆ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಬೇಕೆಂದು ಪವರ್ ಸೆಟ್ಟಿಂಗ್ಸ್‌ನಲ್ಲಿಯೇ ಹೇಳಿಟ್ಟಿದ್ದೇನೆ.

ಶಟ್‌ಡೌನ್ ಮಾಡಿದ ಮೇಲೂ ಮಾಪಕ ಸೊನ್ನೆ ತೋರಿಸುವುದಿಲ್ಲ. ನನ್ನ ಮೌಸಿನ ಹೊಟ್ಟೆಯ ಕೆಂಪು ದೀಪ ಕಂಪ್ಯೂಟರ್ ಬಂದ್ ಆದ ಮೇಲೂ ಮೇಜಿನ ಮೇಲೆ ನಸುಗೆಂಪು ಬೆಳಕು ಚೆಲ್ಲುತ್ತಿರುತ್ತದೆ. ಹಳೆಯ ಕಂಪ್ಯೂಟರುಗಳ ಗುಂಡಿ ನಿಜವಾದ ಸ್ವಿಚ್ಚಾಗಿತ್ತು, ಒತ್ತಿದರೆ ತಂತಿಯೇ ಕಡಿದಂತೆ. ವಿಂಡೋಸ್ 95ರ ಕಪ್ಪು ಪರದೆಯ ಮೇಲೆ, ಈಗ ಕಂಪ್ಯೂಟರನ್ನು ಆಫ್ ಮಾಡಬಹುದು ಎಂದು ಕಿತ್ತಳೆ ಬಣ್ಣದ ಅಕ್ಷರಗಳು ಮೂಡುವುದನ್ನು ಕಾಯ್ದು ಆ ಗುಂಡಿಯನ್ನು ಟಪ್ಪೆಂದು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ ಆ ಗುಂಡಿ ಮದರ್‌ಬೋರ್ಡಿಗೆ ಕೊಡುವ ಒಂದು ಸೂಚನೆಯಾಯಿತು. ಸೂಚನೆಯನ್ನು ಕೇಳಿಸಿಕೊಳ್ಳಲು ಬೋರ್ಡಿಗೆ ಸದಾ ಐದು ವೋಲ್ಟ್‌ನ ಸಣ್ಣ ಪೂರೈಕೆ ಬೇಕು. ನನ್ನದರಲ್ಲಿ ಅದರ ಬೆಲೆ ಒಂದು ವ್ಯಾಟ್. ಮನೆಯ ಎಲ್ಲ ಉಪಕರಣಗಳ ಇಂಥ ಹನಿ ಸೋರಿಕೆಯನ್ನು ಒಂದು ವ್ಯಾಟಿಗೆ ಇಳಿಸಬೇಕೆಂದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಲನ್ ಮಯರ್ 1998ರಲ್ಲಿ ಸೂಚಿಸಿದರು, ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಯುರೋಪ್ ಒಕ್ಕೂಟದ ನಿಯಮ 2010ರಿಂದ ಒಂದು ವ್ಯಾಟ್, 2013ರಿಂದ ಅರ್ಧ ವ್ಯಾಟ್ ಎಂದು ಮಿತಿ ಹಾಕಿತು. ದೀರ್ಘ ಪ್ರಯಾಣಕ್ಕೆ ಹೊರಡುವಾಗ ನಾನು ಗೋಡೆಯ ಸ್ವಿಚ್ಚನ್ನೂ ತೆಗೆಯುತ್ತೇನೆ. ದಿನನಿತ್ಯ ಆ ಒಂದು ವ್ಯಾಟಿನ ಹಿಂದೆ ಬೀಳುವುದಿಲ್ಲ.

ಬಂದ್ ಮಾಡುವುದರಿಂದ ಕಂಪ್ಯೂಟರ್ ತಾಜಾ ಆಗುತ್ತದೆ ಎಂದು ನಂಬಿದವರಿಗೆ ಒಂದು ಮಾತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎಂಬುದು ಅರ್ಧ ಹೈಬರ್ನೇಟ್. ಕಾರ್ಯಾಚರಣ ವ್ಯವಸ್ಥೆಯ ಒಳತಿರುಳು ಡಿಸ್ಕಿಗೆ ಬರೆದಿಡಲ್ಪಟ್ಟು ಮರುದಿನ ಹಾಗೆಯೇ ಎದ್ದುಬರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್ ನೋಡಿದರೆ ದಿನವೂ ಬಂದ್ ಮಾಡುವವರಿಗೂ ಹತ್ತು ಹದಿನೈದು ದಿನ ಎಂದು ತೋರಿಸಬಹುದು. ನಿಜವಾಗಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು. ನಾನು ವಾರಕ್ಕೊಮ್ಮೆ ಅಪ್‌ಡೇಟುಗಳ ಜೊತೆಗೆ ಅದನ್ನು ಮುಗಿಸುತ್ತೇನೆ.

ಚಾಲೂ ಇಡಲು ಒಳ್ಳೆಯ ಕಾರಣಗಳೂ ಇವೆ, ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1999ರ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆರಂಭಿಸಿದ ಸೆಟಿ ಅಟ್ ಹೋಮ್ ಯೋಜನೆಗೆ ಲಕ್ಷಾಂತರ ಮಂದಿ ತಮ್ಮ ಮನೆಯ ಕಂಪ್ಯೂಟರುಗಳ ಬಿಡುವಿನ ಹೊತ್ತನ್ನು ದಾನ ಕೊಟ್ಟು, ಆಕಾಶದಿಂದ ಬಂದ ರೇಡಿಯೊ ಸಂಕೇತಗಳನ್ನು ಜಾಲಾಡಲು ನೆರವಾದರು. 2020ರ ಮಾರ್ಚಿನಲ್ಲಿ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ರೋಗಗಳಿಗೆ ಸಂಬಂಧಿಸಿದ ಪ್ರೋಟೀನುಗಳ ಮಡಿಕೆಯನ್ನು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್ 2000ದಲ್ಲಿ ಶುರುವಾಯಿತು. ಇವುಗಳಿಗೆ ಕಂಪ್ಯೂಟರ್ ಕೊಡುವುದು ಘನವಾದ ದಾನವೇ. ಆದರೆ ಅದು ಪುಕ್ಕಟೆ ಸಿಕ್ಕ ಬಿಡುವಿನ ದಾನವೆಂದು ಈಗ ಹೇಳಲಾಗದು. ಇಂದಿನ ಪ್ರೊಸೆಸರ್ ಕೆಲಸವಿಲ್ಲದಾಗ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ, ಕೆಲಸ ಕೊಟ್ಟರೆ ನನ್ನ ಪೆಟ್ಟಿಗೆಯಂತೆ 60ರಿಂದ 130ಕ್ಕೆ ಜಿಗಿಯುತ್ತದೆ. ಕೊಡುವವರು ವಿದ್ಯುತ್ತನ್ನೇ ಕೊಡುತ್ತಿದ್ದೇವೆಂದು ತಿಳಿದು ಕೊಟ್ಟರೆ ನನಗೆ ಸಂತೋಷ. ಹಾಗೆಯೇ ಮನೆಯವರ ಫೋಟೊಗಳನ್ನು ಕೂಡಿಡಲು, ದೂರದಿಂದ ಕಡತ ತೆಗೆಯಲು ಯಂತ್ರವೊಂದು ಸದಾ ಎಚ್ಚರವಿರಬೇಕಾದವರು ಆ ಕೆಲಸಕ್ಕೆ 60 ವ್ಯಾಟಿನ ಪೆಟ್ಟಿಗೆಯನ್ನು ಕಾವಲಿಗೆ ಕೂರಿಸಬೇಕಿಲ್ಲ. ರಾಸ್‌ಬೆರಿ ಪೈನಂಥ ಪುಟ್ಟ ಬೋರ್ಡು ಮೂರರಿಂದ ಐದು ವ್ಯಾಟಿನಲ್ಲಿ ಅದನ್ನು ನಿಭಾಯಿಸುತ್ತದೆ. ಅಪರೂಪಕ್ಕೆ ಬೇಕಾದಾಗ ಮಾತ್ರ ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕಿನ ಮೂಲಕವೇ ಎಬ್ಬಿಸಲು ವೇಕ್ ಆನ್ ಲ್ಯಾನ್ ಎಂಬ ವ್ಯವಸ್ಥೆಯೂ ಇದೆ.

ಏನನ್ನೂ ಬದಲಿಸುವ ಮೊದಲು ಅಳೆದ ವಾರದಲ್ಲಿ ಮಾಪಕ 11.2 ಯೂನಿಟ್ ತೋರಿಸಿತ್ತು, ಅಂದರೆ ಮೂವತ್ತು ದಿನಕ್ಕೆ 48. ಹದಿನೈದು ನಿಮಿಷದ ಸ್ಲೀಪ್ ಹಾಕಿ, ಮೌಸಿನ ತೊಂದರೆ ಸರಿಪಡಿಸಿದ ನಂತರದ ಮೂವತ್ತು ದಿನಗಳಲ್ಲಿ ಒಟ್ಟು 18.3. ನನ್ನ ಕೆಲಸದ ಗಂಟೆಗಳಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ.

ಈ ಅಂಕಿಗಳನ್ನು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೀಟರ್ ಕಳಿಸು, ನಾನೇ ನೋಡ್ತೀನಿ" ಎಂದ. ಗೆಳೆಯರ ಅನುಮತಿ ಪಡೆದು ಕಳಿಸಿಕೊಟ್ಟೆ. ಅವನದು ಮಗ ಆಟವಾಡುವ ಯಂತ್ರ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವಂಥದ್ದು. ಸುಮ್ಮನೆ ಕೂತಾಗಲೇ 95 ವ್ಯಾಟ್ ಎಳೆಯುತ್ತದಂತೆ. ಎರಡು ದಿನದ ನಂತರ ಅವನೇ ಫೋನ್ ಮಾಡಿ, "ಆ ಹದಿನೈದು ನಿಮಿಷ ಎಲ್ಲಿ ಹಾಕಬೇಕು ಹೇಳಪ್ಪಾ" ಎಂದು ಕೇಳಿದ. ಸೆಟ್ಟಿಂಗ್ಸ್ ತೆರೆಸಿ, ಪವರ್ ಎಂಬ ಕಡೆಗೆ ಕರೆದುಕೊಂಡು ಹೋಗಿ, ನೆವರ್ ಎಂಬುದನ್ನು ಬದಲಾಯಿಸುವವರೆಗೂ ಫೋನಿನಲ್ಲಿಯೇ ಜೊತೆಗಿದ್ದೆ. ಮಾಪಕ ಇನ್ನೂ ಅವನ ಮನೆಯಲ್ಲಿಯೇ ಇದೆ. ಅವನ ಯಂತ್ರ ಬೆಳಗಿನ ಜಾವ ಮೂರಕ್ಕೆ ತಾನಾಗಿ ಏಳುತ್ತಿದೆಯಂತೆ, ಲಾಸ್ಟ್‌ವೇಕ್ ನೆಟ್‌ವರ್ಕ್ ಕಾರ್ಡಿನ ಹೆಸರು ಹೇಳುತ್ತಿದೆಯಂತೆ. ಈ ಭಾನುವಾರ ಇಬ್ಬರೂ ಫೋನಿನಲ್ಲಿ ಕೂತು ಅದನ್ನು ನೋಡಲಿದ್ದೇವೆ.